ಹದಿನಾಲ್ಕು ಭಾನುವಾರಗಳ ಸೊನ್ನೆ

ಮೂವತ್ತೊಂದು ವರ್ಷಗಳಿಂದ ಆ ಪ್ರಾಥಮಿಕ ಶಾಲೆಯ ಗಂಟೆ ಹೊಡೆಯುತ್ತಿದ್ದವನು ಗಂಟೆ ಮಾಮ. ಮಕ್ಕಳು ಇಟ್ಟ ಹೆಸರದು. ಆ ಮಕ್ಕಳೇ ಬೆಳೆದು ತಮ್ಮ ಮಕ್ಕಳನ್ನು ಅದೇ ಶಾಲೆಗೆ ಸೇರಿಸಿದ ಮೇಲೂ ಹೆಸರು ಬದಲಾಗಲಿಲ್ಲ. ಬೆಳಿಗ್ಗೆ ಗೇಟು ತೆಗೆಯುವುದು, ಕಾಲು ಅಲುಗುವ ಬೆಂಚಿಗೆ ಮೊಳೆ ಹೊಡೆಯುವುದು, ಬಿದ್ದು ಮಂಡಿ ತರಚಿಕೊಂಡವರಿಗೆ ಔಷಧಿ ಹಚ್ಚುವುದು, ಇವೆಲ್ಲ ಅವನ ಕೆಲಸವೇ. ಆದರೆ ಹೆಸರು ಬಂದದ್ದು ಗಂಟೆಯಿಂದ. ಕೈಗಡಿಯಾರದ ಸೆಕೆಂಡಿನ ಮುಳ್ಳು ಹನ್ನೆರಡಕ್ಕೆ ಬರುವ ತನಕ ಸುತ್ತಿಗೆ ಎತ್ತಿ ಹಿಡಿದು ನಿಲ್ಲುತ್ತಿದ್ದ. ಒಂದು ಸಲ ದೊಡ್ಡ ಟೀಚರು, ಅಂದರೆ ಮುಖ್ಯೋಪಾಧ್ಯಾಯಿನಿ, ಭಾಷಣ ಮುಗಿಸುವ ಮೊದಲೇ ನಾಲ್ಕು ಗಂಟೆ ಆಗಿ, ಇವನು ಹೊಡೆದೇಬಿಟ್ಟಿದ್ದ. ಎದುರಿನ ಬೀದಿಯ ಇಸ್ತ್ರಿ ಅಂಗಡಿಯವನು ತನ್ನ ಗೋಡೆ ಗಡಿಯಾರವನ್ನು ಈ ಗಂಟೆ ಕೇಳಿಯೇ ಸರಿಮಾಡಿಕೊಳ್ಳುತ್ತಿದ್ದ.

ಇಂಥವನಿಗೆ ಭಾನುವಾರದ ಮಳೆಯ ಅಳತೆ ವಹಿಸಿದ್ದು ಸಹಜವೇ.

ಮಳೆಗಾಲ ಶುರುವಾಗುವ ಹೊತ್ತಿಗೆ ಐದನೇ ತರಗತಿಯ ಟೀಚರು ಮಕ್ಕಳಿಂದ ಒಂದು ಮಳೆಮಾಪಕ ಮಾಡಿಸಿದ್ದರು. ಪ್ಲಾಸ್ಟಿಕ್ ಬಾಟಲಿಯ ಕತ್ತು ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಬಾಯಿಗೆ ಕೂರಿಸಿ, ಪಕ್ಕದಲ್ಲಿ ಮಿಲಿಮೀಟರಿನ ಪಟ್ಟಿ ಅಂಟಿಸಿ, ಮೈದಾನದ ನಡುವೆ ನಾಲ್ಕು ಇಟ್ಟಿಗೆಗಳ ಮಧ್ಯೆ ನಿಲ್ಲಿಸಿದ್ದರು. ದಿನಾ ಸಂಜೆ ನಾಲ್ಕಕ್ಕೆ, ಕೊನೆಯ ಗಂಟೆ ಹೊಡೆದ ಕೂಡಲೇ, ಒಬ್ಬರು ನೀರಿನ ಮಟ್ಟ ನೋಡಿ ಪುಸ್ತಕದಲ್ಲಿ ಬರೆದು ನೀರು ಚೆಲ್ಲಬೇಕು. ವಾರದ ಆರು ದಿನ ಮಕ್ಕಳ ಪಾಳಿ. ಏಳನೆಯ ದಿನಕ್ಕೆ, ಶಾಲೆಯಿಂದ ಹತ್ತು ನಿಮಿಷದ ದೂರದಲ್ಲಿ ಮನೆಯಿದ್ದ ಗಂಟೆ ಮಾಮ. ಟೀಚರು ಕೇಳಿದಾಗ ಅವನು ಹಿಗ್ಗಿಹೋದ. ವಿಜ್ಞಾನದ ಕೆಲಸಕ್ಕೆ ಅವನನ್ನು ಯಾರೂ ಅಲ್ಲಿಯವರೆಗೆ ಕರೆದಿರಲಿಲ್ಲ.

ಮೊದಲ ಮೂರು ಭಾನುವಾರ ತಪ್ಪದೆ ಹೋದ. ಮೂರು ಸಲವೂ ಬಾಟಲಿ ಒಣಗಿತ್ತು. ಮೂರು ಸೊನ್ನೆ ಬರೆದು ಬಂದ. ನಾಲ್ಕನೆಯ ಭಾನುವಾರ ಊಟವಾಗಿ ಚಾಪೆಯ ಮೇಲೆ ಅಡ್ಡಾದವನಿಗೆ ಎಚ್ಚರವಾದಾಗ ಐದೂವರೆ. ಹೊರಗೆ ಅಂಗಳ ಒಣಗಿಯೇ ಇತ್ತು. ಇನ್ನೇನು ನೋಡುವುದಿದೆ ಎಂದು ಸೋಮವಾರ ಬೆಳಿಗ್ಗೆ, ಯಾರೂ ಬರುವ ಮೊದಲು, ಸೊನ್ನೆ ಬರೆದ. ವಾರದಲ್ಲಿ ಆರು ದಿನ ನಾಲ್ಕು ಗಂಟೆಗೆ ಸುತ್ತಿಗೆ ಹಿಡಿದು ನಿಲ್ಲುವ ಮನುಷ್ಯನಿಗೆ ಏಳನೆಯ ದಿನ ಆ ನಾಲ್ಕು ಗಂಟೆಯನ್ನು ನಿದ್ದೆಯಲ್ಲಿ ದಾಟಿಬಿಡುವುದರಲ್ಲಿ ಎಂಥದೋ ಸುಖವಿತ್ತು.

ಐದನೆಯ ಭಾನುವಾರ ಎದ್ದಾಗ ಮಾತ್ರ ಅಂಗಳವೆಲ್ಲ ಒದ್ದೆ. ಸೋಮವಾರ ಬೆಳಿಗ್ಗೆ ಬಾಟಲಿಯಲ್ಲಿ ಒಂಬತ್ತು ಮಿಲಿಮೀಟರ್ ನೀರಿತ್ತು. ಅದರಲ್ಲಿ ಭಾನುವಾರ ನಾಲ್ಕರವರೆಗೆ ಬಿದ್ದದ್ದೆಷ್ಟು, ರಾತ್ರಿ ಬಿದ್ದದ್ದೆಷ್ಟು, ಹೇಗೆ ಹೇಳುವುದು? ಬಾಯಿಗೆ ಬಂದ ಅಂಕಿ ಬರೆದರೆ ಸುಳ್ಳಾಗುತ್ತದೆ. ಸೊನ್ನೆ ಬರೆದರೆ ಅಷ್ಟೊಂದು ಸುಳ್ಳಲ್ಲ ಅನ್ನಿಸಿತು. ನೀರಂತೂ ಬಾಟಲಿಯಲ್ಲೇ ಇದೆ, ಇವತ್ತು ಸಂಜೆ ಮಕ್ಕಳು ಅಳೆಯುತ್ತಾರೆ, ಒಂದು ಹನಿಯೂ ಆಚೀಚೆ ಆಗುವುದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಆಮೇಲೆ ಸಮಾಧಾನದ ಅಗತ್ಯವೂ ಬೀಳಲಿಲ್ಲ. ಹದಿನೇಳನೆಯ ಭಾನುವಾರದ ತನಕ ಹೀಗೇ ನಡೆಯಿತು.

ತಿಂಗಳಿಗೊಮ್ಮೆ ಶಾಲೆಯ ಸುದ್ದಿ ಹಾಳೆ ಅಚ್ಚಾಗುತ್ತಿತ್ತು. ಅದನ್ನು ಮಡಿಸಿ ತರಗತಿಗಳಿಗೆ ಹಂಚಿ, ಒಂದನ್ನು ಗೇಟಿಗೆ ಅಂಟಿಸುವುದು ಗಂಟೆ ಮಾಮನ ಪಾಲಿನದು. ಅವನು ಓದದೆ ಹಂಚುತ್ತಿರಲಿಲ್ಲ. ಆ ಸೋಮವಾರದ ಹಾಳೆಯಲ್ಲಿ, ಎರಡನೇ ತರಗತಿಯವರು ಕಿಟಕಿಯಲ್ಲಿ ಕೂತು ಅರ್ಧ ಗಂಟೆಯಲ್ಲಿ ಹಾದುಹೋದ ಚಕ್ರಗಳನ್ನು ಎಣಿಸಿದ್ದು, ಗೇಟಿನ ಮುಂದಿನ ಚರಂಡಿಗೆ ಕೊನೆಗೂ ಮುಚ್ಚಳ ಬಂದದ್ದು, ದರ್ಜಿಯೊಬ್ಬರು ವಾಚನಾಲಯಕ್ಕೆ ಪರದೆ ಹೊಲಿದು ಕೊಟ್ಟದ್ದು, ಡಬ್ಬಿಯಿಲ್ಲದ ಏಳು ಮುಚ್ಚಳಗಳು ಕಚೇರಿಯಲ್ಲಿ ವಾರಸುದಾರರಿಗಾಗಿ ಕಾದಿರುವುದು, ಎಲ್ಲ ಇತ್ತು. ಎಲ್ಲಕ್ಕಿಂತ ಮೇಲೆ ದಪ್ಪಕ್ಷರದಲ್ಲಿತ್ತು: ಐದನೇ ತರಗತಿಯ ಶೋಧ, ನಮ್ಮ ಶಾಲೆಯ ಮೇಲೆ ಭಾನುವಾರ ಮಳೆ ಬೀಳುವುದಿಲ್ಲ.

ಶೋಧ ಮಾಡಿದವಳನ್ನು ಎಲ್ಲರೂ ಸ್ಕೇಲು ಎಂದು ಕರೆಯುತ್ತಿದ್ದರು. ಪುಸ್ತಕದ ಅಂಚಿನ ಗೀಟನ್ನೂ ಅವಳು ಅಳೆದೇ ಎಳೆಯುವವಳು. ಹದಿನೇಳು ವಾರದ ಅಳತೆಗಳನ್ನು ವಾರದ ದಿನಗಳ ಪ್ರಕಾರ ಕೂಡಿಸಿ ದೊಡ್ಡ ಹಾಳೆಯ ಮೇಲೆ ಕಂಬಗಳನ್ನು ಬರೆದಿದ್ದಳು. ಭಾನುವಾರಕ್ಕೆ ಕಂಬವೇ ಇಲ್ಲ. ಸೋಮವಾರದ್ದು ಉಳಿದ ದಿನಗಳ ಹೆಚ್ಚುಕಡಿಮೆ ಎರಡರಷ್ಟು. ಕಾರಣವನ್ನೂ ಅವಳೇ ಯೋಚಿಸಿದ್ದಳು: ಮಳೆಹನಿ ಕಟ್ಟಲು ಗಾಳಿಯಲ್ಲಿ ಧೂಳಿನ ಕಣ ಬೇಕು ಎಂದು ಟೀಚರು ಹೇಳಿದ್ದರಲ್ಲ, ಭಾನುವಾರ ಸುತ್ತಲಿನ ಕಾರ್ಖಾನೆಗಳು ಮುಚ್ಚಿರುತ್ತವೆ, ಧೂಳಿಲ್ಲ, ಮಳೆಯಿಲ್ಲ, ಸೋಮವಾರ ಧೂಳು ಎದ್ದ ಕೂಡಲೇ ತಡೆದಿದ್ದ ಮಳೆ ಒಟ್ಟಿಗೆ ಸುರಿಯುತ್ತದೆ. ಹಾಳೆಯ ಕೊನೆಯಲ್ಲಿ ಇನ್ನೊಂದು ಸಾಲಿತ್ತು: ರಜಾದಿನದಲ್ಲೂ ತಪ್ಪದೆ ಅಳತೆ ತೆಗೆದ ಗಂಟೆ ಮಾಮನಿಗೆ ತರಗತಿಯ ವಂದನೆಗಳು. ಶನಿವಾರದ ಪೋಷಕರ ಸಭೆಯಲ್ಲಿ ಹುಡುಗಿ ಇದನ್ನು ವಿವರಿಸುವವಳಿದ್ದಳು. ಹವಾಮಾನ ಕಚೇರಿಯ ಅಧಿಕಾರಿಯೊಬ್ಬರು ಅದಕ್ಕೆಂದೇ ಬರುವವರಿದ್ದರು.

ಮುನ್ನೂರು ಹಾಳೆ ಮಡಿಸುವಷ್ಟರಲ್ಲಿ ಗಂಟೆ ಮಾಮನ ಅಂಗೈ ಬೆವೆತು ಅಚ್ಚಿನ ಮಸಿ ಬೆರಳಿಗೆ ಹತ್ತಿತ್ತು.

ಹಾಗಾದರೆ ಇಷ್ಟು ದಿನ ಯಾರಿಗೂ ಗೊತ್ತಾಗಲಿಲ್ಲವೇ? ಮೂರು ವಾರದ ಹಿಂದಿನ ಬುಧವಾರ ಮಳೆ ಬಂದಿತ್ತೇ ಎಂದು ಯಾರನ್ನಾದರೂ ಕೇಳಿನೋಡಿ, ತಡವರಿಸುತ್ತಾರೆ. ಹಾಳೆ ಓದಿದ ಪೋಷಕರು, ಹೌದಲ್ಲ, ನಾವು ಗಮನಿಸಿಯೇ ಇರಲಿಲ್ಲ ಎಂದರು. ಗಮನಿಸಿದವಳು ಒಬ್ಬಳೇ. ಸ್ಕೇಲಿನ ಪಕ್ಕದಲ್ಲೇ ಒಂದನೇ ತರಗತಿಯಿಂದ ಕೂತುಬಂದವಳು, ಮುಂದಿನ ಎರಡು ಹಲ್ಲಿನಿಂದಾಗಿ ಮೊಲ ಎಂದು ಹೆಸರಾದವಳು. ಒಂಬತ್ತನೆಯ ಭಾನುವಾರ ಮಧ್ಯಾಹ್ನ ಶಾಲೆಯ ಮೈದಾನದಲ್ಲೇ ಸೈಕಲ್ ಕಲಿಯುತ್ತಾ ತೊಪ್ಪೆಯಾಗಿದ್ದೆ ಎಂದು ಅವಳು ಮರುದಿನವೇ ತರಗತಿಯಲ್ಲಿ ಹೇಳಿದ್ದಳು. ಸ್ಕೇಲು ಪುಸ್ತಕ ತೆಗೆದು ಸೊನ್ನೆ ತೋರಿಸಿದಳು. ತರಗತಿಗೆ ತರಗತಿಯೇ ನಕ್ಕಿತು. ನಲ್ಲಿ ಕೆಳಗೆ ಸೈಕಲ್ ಹೊಡೆದಿಯೇನೇ ಎಂದು ಯಾರೋ ಕೇಳಿದರು. ಅಂದಿನಿಂದ ಮೊಲ ಹಿಂದಿನ ಬೆಂಚಿಗೆ ಹೋದಳು. ಮಧ್ಯಾಹ್ನದ ಊಟಕ್ಕೂ ಇಬ್ಬರೂ ಬೇರೆ ಬೇರೆ ಕಂಬದ ಕೆಳಗೆ. ಇದನ್ನು ಗಂಟೆ ಮಾಮ ವಾರಗಟ್ಟಲೆ ನೋಡಿದ್ದ. ಮಕ್ಕಳ ಜಗಳ, ನಾಳೆ ಸರಿಹೋಗುತ್ತದೆ ಎಂದುಕೊಂಡಿದ್ದ. ಜಗಳ ಯಾತಕ್ಕೆಂದು ಮಕ್ಕಳ ಬಾಯಿಂದ ಗೊತ್ತಾದದ್ದು ಈ ಸೋಮವಾರ, ಹಾಳೆ ಹಂಚುವಾಗಲೇ.

ಅವನು ಸುಮ್ಮನಿದ್ದನೆಂದಲ್ಲ. ಮಂಗಳವಾರ ಟೀಚರ ಬಳಿ ಹೋಗಿ, ಒಂದೆರಡು ಭಾನುವಾರ ಸ್ವಲ್ಪ ಹೆಚ್ಚುಕಡಿಮೆ ಆಗಿರಬಹುದು ಎಂದು ತಲೆ ಕೆರೆದುಕೊಂಡ. ಟೀಚರು ನಕ್ಕುಬಿಟ್ಟರು.

“ನೀವಾ ಮಾಮ? ನಿಮ್ಮಿಂದ ಹೆಚ್ಚುಕಡಿಮೆ ಆಗೋದಾ? ದೊಡ್ಡ ಟೀಚರನ್ನೇ ಬಿಡಲಿಲ್ಲ ನೀವು.”

ಮೂವತ್ತೊಂದು ವರ್ಷ ಕಾಪಾಡಿಕೊಂಡು ಬಂದ ಒಳ್ಳೆಯ ಹೆಸರು ಈಗ ಸುಳ್ಳಿನ ಪರವಾಗಿ ನಿಂತಿತ್ತು. ಅವನು ಬಂದ ದಾರಿಗೆ ಸುಂಕವಿಲ್ಲದವನಂತೆ ತಿರುಗಿದ. ಬುಧವಾರ ಮನೆಯಲ್ಲಿ ಹೆಂಡತಿ, ಅನ್ನ ಕಲಸಿಟ್ಟುಕೊಂಡು ಗೋಡೆ ನೋಡುತ್ತಿದ್ದೀರಲ್ಲ, ಏನಾಯಿತು ಎಂದು ಕೇಳಿದಾಗ ಎಲ್ಲ ಹೇಳಿದ. ಅವಳು ಬೈಯುತ್ತಾಳೆ ಎಂದುಕೊಂಡಿದ್ದ. ಬೈದಿದ್ದರೆ ಹಗುರಾಗುತ್ತಿತ್ತು.

“ಆ ಮಗೂಗೆ ಹೇಳಿದ್ರಾ?” ಎಂದಷ್ಟೇ ಕೇಳಿದಳು.

“ಟೀಚರಿಗೆ ಹೇಳೋಕೆ ಹೋಗಿದ್ದೆ…”

“ಶನಿವಾರ ಅಷ್ಟು ಜನರ ಮುಂದೆ ನಿಲ್ಲೋಳು ಟೀಚರಲ್ವಲ್ಲ ರೀ.”

ಗುರುವಾರವೂ ಹೇಳಲಾಗಲಿಲ್ಲ. ಎರಡು ಸಲ ಐದನೇ ತರಗತಿಯ ಬಾಗಿಲ ತನಕ ಹೋಗಿ, ಒಮ್ಮೆ ಬೀಗ ನೋಡಿದಂತೆಯೂ ಇನ್ನೊಮ್ಮೆ ಬಲ್ಬು ನೋಡಿದಂತೆಯೂ ಮಾಡಿ ವಾಪಸು ಬಂದ.

ಶುಕ್ರವಾರ ಶಾಲೆ ಬಿಟ್ಟ ಮೇಲೆ ಸ್ಕೇಲು ವರಾಂಡದಲ್ಲಿ ಗೋಡೆಗೆ ಹಾಳೆ ಒರಗಿಸಿ, ಖಾಲಿ ಬೆಂಚುಗಳಿಗೆ ಭಾಷಣ ಅಭ್ಯಾಸ ಮಾಡುತ್ತಿದ್ದಳು. ಅವನು ಹೋಗಿ ಮೆಟ್ಟಿಲ ಮೇಲೆ ಕೂತ. ನಿಂತು ಹೇಳುವ ಧೈರ್ಯ ಇರಲಿಲ್ಲ.

“ಪುಟ್ಟಿ, ಆ ಸೊನ್ನೆಗಳು ನಿಜವಲ್ಲ ಕಣಮ್ಮ. ನಾನು ನೋಡೋಕೇ ಹೋಗಿರಲಿಲ್ಲ.”

ಅವಳು ಅವನ ಮುಖ ನೋಡಿದಳು; ತಮಾಷೆಯೇ ಎಂದು ಹುಡುಕಿದಳು. ಆಮೇಲೆ ಕೇಳಿದಳು: “ಎಷ್ಟು ಸಲ?”

“ಹದಿನಾಲ್ಕು. ಮೊದಲ ಮೂರು ಮಾತ್ರ ನಿಜ.”

“ಮಳೆ ಬಂದಿದ್ದರೂ ಸೊನ್ನೆ ಹಾಕಿದ್ರಾ?”

“ಎಷ್ಟು ಅಂತ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಸೊನ್ನೆ ಹಾಕ್ದೆ.”

“ಗೊತ್ತಿಲ್ಲ ಅಂದ್ರೆ ಖಾಲಿ ಬಿಡಬೇಕು ಮಾಮ. ಸೊನ್ನೆ ಅಂದ್ರೆ ನೋಡಿದೆ, ಇರಲಿಲ್ಲ ಅಂತ ಅರ್ಥ.”

ಹತ್ತು ವರ್ಷದ ಮಗು ಕೋಪವಿಲ್ಲದೆ, ಲೆಕ್ಕ ತಿದ್ದುವಂತೆ ಹೇಳಿದ ಆ ಮಾತಿಗೆ ಅವನ ತಲೆ ತಾನಾಗಿ ಬಗ್ಗಿತು. ಇಷ್ಟು ದಿನ ಅವನು ಹಿಡಿದುಕೊಂಡಿದ್ದ ಒಂದೇ ಆಸರೆ, ಸೊನ್ನೆ ಅಷ್ಟೊಂದು ಸುಳ್ಳಲ್ಲ ಎಂಬುದು, ಅಲ್ಲಿಗೆ ಮುರಿಯಿತು. ಅವಳು ಬೆರಳಿನಿಂದ ಸೋಮವಾರದ ಕಂಬವನ್ನು ಕೆಳಗಿನಿಂದ ಮೇಲಕ್ಕೆ ಸವರಿದಳು. ಸೋಮವಾರವೂ ಹೋಯಿತು, ಅದರಲ್ಲಿ ಎರಡೆರಡು ದಿನದ ನೀರಿದೆ, ಒಟ್ಟು ಇಪ್ಪತ್ತೆಂಟು ದಿನ ಎಂದಳು. ಅಷ್ಟು ಹೊತ್ತು ಗಟ್ಟಿಯಾಗಿದ್ದವಳು ಆಗ ಒಮ್ಮೆಲೇ ಅತ್ತಳು. ಮಳೆಯ ವಿಷಯಕ್ಕಲ್ಲ.

“ಮೊಲ ಸುಳ್ಳು ಹೇಳ್ತಾಳೆ ಅಂತ ಎಲ್ಲರ ಮುಂದೆ ಹೇಳಿಬಿಟ್ಟೆ.”

ಅವಳ ತಲೆ ಸವರಲು ಕೈ ಎತ್ತಿದವನು, ಆ ಹಕ್ಕು ತನಗಿಲ್ಲ ಎನ್ನಿಸಿ ಹಿಂದೆ ತೆಗೆದುಕೊಂಡ.

ಇಬ್ಬರೂ ಕಚೇರಿಗೆ ಹೋದರು. ಟೀಚರು ಕೇಳಿ ಕುರ್ಚಿಯಲ್ಲಿ ಕುಸಿದರು. ಮಂಗಳವಾರ ನಕ್ಕದ್ದು ಅವರಿಗೂ ನೆನಪಾಗಿರಬೇಕು; ಕಂಬ ಅಷ್ಟು ಎತ್ತರ ಇದ್ದಾಗಲೇ ನಾನು ಅನುಮಾನಪಡಬೇಕಿತ್ತು ಎಂದು ಎರಡೆರಡು ಸಲ ಹೇಳಿದರು. ದೊಡ್ಡ ಟೀಚರು ಲೆಕ್ಕಾಚಾರದ ಮನುಷ್ಯೆ. ಮುನ್ನೂರು ಮನೆಗೆ ಹಾಳೆ ಹೋಗಿದೆ, ಮಳೆಯ ಚಾರ್ಟು ಹರಿದುಹೋಯಿತು ಎಂದು ಹೇಳಿ ಎರಡನೇ ತರಗತಿಯವರು ಚಕ್ರ ಎಣಿಸಿದ ಚಾರ್ಟನ್ನು ಮುಂದಿಡೋಣ, ಇದನ್ನು ನಿಧಾನವಾಗಿ ಮರೆಸಿಬಿಡೋಣ ಎಂದರು. ಗಂಟೆ ಮಾಮ ಆ ಕಚೇರಿಯಲ್ಲಿ ಎಂದೂ ಎದುರು ಮಾತಾಡಿದವನಲ್ಲ. ಮರೆಸಿದರೆ ಆ ಇನ್ನೊಂದು ಮಗು ಸುಳ್ಳಿಯಾಗಿಯೇ ಉಳಿಯುತ್ತದೆ, ನಾಳೆ ನಾನೇ ಎದ್ದು ಹೇಳುತ್ತೇನೆ, ಆಮೇಲೆ ನೀವು ಏನು ಬೇಕಾದರೂ ಮಾಡಿ ಎಂದ. ಸ್ಕೇಲು ರಬ್ಬರು ತೆಗೆದು ಅವನ ಮುಂದಿಟ್ಟಳು. ಅವನು ಬರೆದ ಹದಿನಾಲ್ಕು ಸೊನ್ನೆಗಳನ್ನು ಅವನೇ ಅಳಿಸಿದ. ಅಂಗಳ ಒದ್ದೆಯಾಗಿದ್ದುದನ್ನು ಕಣ್ಣಾರೆ ನೋಡಿದ್ದ ಐದನೆಯ ಭಾನುವಾರಕ್ಕೆ ಮಾತ್ರ ‘ಬಂದಿತ್ತು, ಅಳತೆ ಇಲ್ಲ’ ಎಂದು ಅವಳು ಬರೆಯಿಸಿದಳು.

ಶನಿವಾರ ಸಭಾಂಗಣ ತುಂಬಿತ್ತು. ಗಂಟೆ ಮಾಮ ಎದ್ದು ನಿಂತು, ಸುತ್ತುಬಳಸದೆ, ಹದಿನಾಲ್ಕು ಭಾನುವಾರ ನಿದ್ದೆ ಮಾಡಿದೆ, ನೋಡದೆ ಬರೆದೆ, ಮೊಲ ಹೇಳಿದ್ದು ನಿಜ ಎಂದು ಹೇಳಿ ಕೂತ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಇಸ್ತ್ರಿ ಅಂಗಡಿಯವನು, ಅಯ್ಯೋ, ನನ್ನ ಗಡಿಯಾರದ ಗತಿ ಏನು ಎಂದು ಪಕ್ಕದವನ ಕಿವಿಯಲ್ಲಿ ಹೇಳಿದ್ದು ಮೂರು ಸಾಲಿಗೆ ಕೇಳಿಸಿತು. ಹವಾಮಾನ ಕಚೇರಿಯವರು ಮಾತ್ರ ನಗಲಿಲ್ಲ. ಜೇಬಿನಿಂದ ಪೆನ್ನು ತೆಗೆದು ಏನನ್ನೋ ಗುರುತು ಹಾಕಿಕೊಂಡರು.

ಸ್ಕೇಲು ಮುಂದೆ ಬಂದಳು. ಭಾನುವಾರ ಮತ್ತು ಸೋಮವಾರದ ಜಾಗಕ್ಕೆ ಬಿಳಿ ಕಾಗದ ಅಂಟಿಸಿ, ಅದರ ಮೇಲೆ ಆ ಹದಿನಾಲ್ಕು ಭಾನುವಾರಗಳನ್ನು ತಾರೀಖಿನ ಸಮೇತ ಸಾಲಾಗಿ ಬರೆದಿದ್ದಳು; ಐದನೆಯದರ ಮುಂದೆ ಮಾತ್ರ ತುಂಬಿತ್ತು. ಉಳಿದ ಐದು ದಿನಗಳ ಬಗ್ಗೆ ತಡವರಿಸದೆ ಹೇಳಿದಳು. ಆಮೇಲೆ ಹಿಂದಿನ ಬೆಂಚಿನ ಕಡೆ ತಿರುಗಿ, ಒಂಬತ್ತನೆಯ ಭಾನುವಾರ ನೀನು ನೆನೆದದ್ದು ಎಷ್ಟು ಹೊತ್ತಿಗೆ ಎಂದು ಕೇಳಿದಳು. ಕ್ಷಮೆ ಕೇಳಿದ್ದು ಅವಳ ರೀತಿಯಲ್ಲಿ ಅಷ್ಟೇ. ಮೊಲ ತುಸು ಹೊತ್ತು ಬೇಕೆಂದೇ ಕಾಯಿಸಿ, ಎರಡೂವರೆಗೆ ಎಂದಳು. ಸ್ಕೇಲು ಬಿಳಿ ಕಾಗದದ ಮೇಲೆ ಬರೆದಳು: ಬಂದಿತ್ತು, ಅಳತೆ ಇಲ್ಲ, ನೋಡಿದವರು ಮೊಲ.

ಅದನ್ನು ನೋಡಿ ಇಸ್ತ್ರಿ ಅಂಗಡಿಯವನು ಎದ್ದ. ಹನ್ನೆರಡನೆಯ ಭಾನುವಾರ ಒಣಗಲು ಹಾಕಿದ್ದ ಇಪ್ಪತ್ತು ಚಾದರ ಮೂರು ಗಂಟೆಗೆ ನೆಂದು, ಗಿರಾಕಿಯಿಂದ ಬೈಸಿಕೊಂಡಿದ್ದನಂತೆ. ಮಳೆಯಿಂದ ಕೆಲಸ ಕೆಟ್ಟವರಿಗೆ ಮಾತ್ರ ಮಳೆಯ ದಿನ ನೆನಪಿರುತ್ತದೆ. ಖಚಿತವಾ ಎಂದು ಸ್ಕೇಲು ಕೇಳಿದಳು. ಖಚಿತ ಎಂದ. ಬರೆದಳು. ಕೊನೆಗೆ, ಸಾಲಿನ ಅಂಚಿನಲ್ಲಿ ಸೆರಗು ಸರಿಮಾಡಿಕೊಂಡು ಎದ್ದವಳು ಗಂಟೆ ಮಾಮನ ಹೆಂಡತಿ.

“ಹತ್ತನೇ ಭಾನುವಾರ ಬರೆದುಕೋ ಪುಟ್ಟಿ. ನನ್ನ ತಂಗಿ ಬಂದಿದ್ದಳು. ನಾವಿಬ್ಬರೂ ಕೊಡೆ ಹಿಡಿದುಕೊಂಡು ಶಾಲೆ ಮುಂದೇನೇ ಬಸ್ ನಿಲ್ದಾಣಕ್ಕೆ ಹೋದ್ವಿ. ಇವರನ್ನ ಎಬ್ಬಿಸಿದ್ದೆ. ಹೂಂ ಅಂದು ಮಗ್ಗಲು ಬದಲಾಯಿಸಿದ್ರು.”

ಸಭೆ ಈಗ ಬಾಯಿಬಿಟ್ಟು ನಕ್ಕಿತು. ಗಂಟೆ ಮಾಮ ನೆಲ ನೋಡಿದ. ಅವಳು ಎಬ್ಬಿಸಿದ್ದು ಅವನಿಗೆ ನೆನಪೇ ಇರಲಿಲ್ಲ.

ಸ್ಕೇಲು ಎಣಿಸಿದಳು. ಇನ್ನೂ ಹತ್ತು ಖಾಲಿ ಇದ್ದವು. ಬೇರೆ ಯಾರಿಗಾದರೂ ಎಂದು ಎಲ್ಲರನ್ನೂ ಕೇಳಿದಳು. ಯಾರೂ ಏಳಲಿಲ್ಲ. ಆಗ ಅವಳು, ಶುಕ್ರವಾರ ಅತ್ತ ಮೇಲೆ ಮೊದಲ ಸಲ, ನೇರ ಅವನ ಕಡೆ ನೋಡಿದಳು.

“ಮಾಮ, ನಿಮಗೆ ಬೇರೆ ಯಾವುದಾದ್ರೂ ನೆನಪಿದೆಯಾ?”

ಅವನು ಎದ್ದ. ಮಗು ಪೆನ್ನು ಹಿಡಿದು ಕಾಯುತ್ತಿತ್ತು. ಒಂದು ದಿನ, ಒಂದೇ ಒಂದು ದಿನ ಹೇಳಿದರೆ ಎಷ್ಟು ಸಂತೋಷಪಟ್ಟೀತು ಎನ್ನಿಸಿತು. ಏಳನೆಯದೋ ಎಂಟನೆಯದೋ ಬಂದಿದ್ದಂತೆ ಒಂದು ಮಸುಕು ನೆನಪು. ಅದು ಸೋಮವಾರವೂ ಆಗಿದ್ದಿರಬಹುದು.

“ಇಲ್ಲ ಕಣಮ್ಮ,” ಎಂದ. “ನನಗೆ ಗೊತ್ತಿಲ್ಲ.”

ಅವಳು ತಲೆಯಾಡಿಸಿ, ಪೆನ್ನಿಗೆ ಮುಚ್ಚಳ ಹಾಕಿ, ಹತ್ತು ಜಾಗಗಳನ್ನು ಖಾಲಿಯಾಗಿಯೇ ಬಿಟ್ಟಳು.