ಕೆಮ್ಮುವ ಗಾಂಧಾರ

ಹಾಡಿದ ಕೂಡಲೇ ಸ್ವರದ ಹೆಸರು ತೋರಿಸುವ ಫೋನುಗಳು ಆಗ ಯಾರ ಕೈಗೂ ಬಂದಿರಲಿಲ್ಲ. ಸ್ವರ ಗುರುತಿಸಲು ಕಲಿಯಬೇಕೆಂದರೆ ಗೋಡೆಗೆ ಮುಖ ಮಾಡಿ ಕೂರಬೇಕಿತ್ತು. ಬೆನ್ನ ಹಿಂದೆ ಯಾರಾದರೂ ಹಾರ್ಮೋನಿಯಂನ ಒಂದು ಕೀ ಒತ್ತುತ್ತಿದ್ದರು, ಅದು ರಿಷಭವೋ ಧೈವತವೋ ನಾವು ಹೇಳಬೇಕಿತ್ತು. ನನ್ನ ಈಗಿನ ವಿದ್ಯಾರ್ಥಿಗಳು ಇದನ್ನು ಇಯರ್ ಟ್ರೈನಿಂಗ್ ಎನ್ನುತ್ತಾರೆ. ನಮಗೆ ಸಂಗೀತ ಹೇಳಿಕೊಡುತ್ತಿದ್ದ ನಯನಾಬೆನ್ ಬರೇ ‘ಕಾನ್’ ಎನ್ನುತ್ತಿದ್ದರು. ಕಾನ್ ಅಂದರೆ ಕಿವಿ, ಅಷ್ಟೇ.

ವಡೋದರಾದ ಹೊರಗೆ ಕೊಯಾಲಿಯ ಟೌನ್‌ಶಿಪ್ಪಿನಲ್ಲಿ ನಮ್ಮ ಮನೆ. ಅಪ್ಪ ರಿಫೈನರಿಯಲ್ಲಿ ಕೆಲಸಕ್ಕಿದ್ದ. ಗಾಳಿ ತಿರುಗಿದರೆ ಒಣಹಾಕಿದ ಬಟ್ಟೆಗೂ ಎಣ್ಣೆಯ ವಾಸನೆ ಹತ್ತುತ್ತಿತ್ತು. ನಾನಾಗ ಐದನೇ ಕ್ಲಾಸು. ಉತ್ತರಾಯಣ, ಅಂದರೆ ನಮ್ಮ ಸಂಕ್ರಾಂತಿ, ಹತ್ತಿರ ಬಂದಿತ್ತು, ಸಂಜೆಯಾದರೆ ಸಾಕು, ಹುಡುಗರೆಲ್ಲ ಟೆರೇಸಿನ ಮೇಲೆ ಗಾಳಿಪಟ ಹಿಡಿದು ಕಿರುಚುತ್ತಿದ್ದರು. ನಾನು ಮಾತ್ರ ಗೋಡೆ ನೋಡುತ್ತ ಕೂತಿರುತ್ತಿದ್ದೆ. ಹಬ್ಬ ಮುಗಿದು ಎರಡು ವಾರಕ್ಕೆ ಸಂಗೀತದ ಪರೀಕ್ಷೆ. ಅಂಕಗಳಲ್ಲಿ ಅರ್ಧ ಬರವಣಿಗೆಗೆ, ಅರ್ಧ ಕಿವಿಗೆ. ಕಿವಿಯಲ್ಲಿ ಫೇಲಾದವರು ಇನ್ನೊಂದು ವರ್ಷ ಚಿಕ್ಕವರ ಜೊತೆ ಕೂರಬೇಕು. ನನ್ನ ಜೀವದ ಗೆಳತಿ ಹೇತಲ್ ಮುಂದಿನ ತರಗತಿಗೆ ಹೋಗಿ ನಾನು ಹಿಂದೆ ಉಳಿಯುವುದು ನನಗೆ ಬೇಡವೇ ಬೇಡವಾಗಿತ್ತು.

ಆದರೆ ನನಗೆ ಹೆದರಿಕೆ ಇರಲಿಲ್ಲ. ನಮ್ಮ ಮನೆಯಲ್ಲೇ ಪೇಟಿ ಇತ್ತಲ್ಲ! ಅವ್ವ ಹಾರ್ಮೋನಿಯಂಗೆ ಪೇಟಿ ಎಂದೇ ಹೇಳುತ್ತಿದ್ದಳು. ಅದು ಗದಗಿನಲ್ಲಿ ಮಾಸ್ತರರಾಗಿದ್ದ ಅವಳ ಅಪ್ಪನದು. ಅಜ್ಜ ತೀರಿಕೊಂಡ ಮೇಲೆ ಕೌದಿಯಲ್ಲಿ ಸುತ್ತಿ, ರೈಲಿನ ಸೀಟಿನ ಕೆಳಗಿಟ್ಟು, ಎರಡು ದಿನ ಅದಕ್ಕೆ ಕಾಲು ತಾಗದಂತೆ ಕಾದು ತಂದಿದ್ದಳಂತೆ. ದಿನಾ ಸಂಜೆ ದೇವರಿಗೆ ದೀಪ ಹಚ್ಚಿ ಅರ್ಧ ಗಂಟೆ ನುಡಿಸುತ್ತಿದ್ದಳು. ಹಾಡುತ್ತಿರಲಿಲ್ಲ, ಸುಮ್ಮನೆ ನುಡಿಸುವುದು. ಆಮೇಲೆ ನನ್ನ ಸರದಿ. ಅವಳು ಒತ್ತುವಳು, ನಾನು ಹೇಳುವೆ. ಒಂದೂ ತಪ್ಪುತ್ತಿರಲಿಲ್ಲ.

ಭಾನುವಾರ ಕನ್ನಡದ ನಾಲ್ಕು ಮನೆಯವರು ಸೇರಿದರೆ ಅಪ್ಪನಿಗೆ ನನ್ನನ್ನು ಮೆರೆಸುವ ಹುಚ್ಚು. ಅವಲಕ್ಕಿಗೆ ಇಲ್ಲಿಯ ಸೇವ್ ಉದುರಿಸಿ ತಿನ್ನುತ್ತಿದ್ದ ನೆಂಟರಂಥ ಗೆಳೆಯರನ್ನು ಪೇಟಿಯ ಮುಂದೆ ಕೂರಿಸುತ್ತಿದ್ದ.

“ಒತ್ರಿ ರಾಯರ, ಯಾವ ಕೀ ಬೇಕಾದ್ರೂ ಒತ್ರಿ. ನಮ್ಮ ಶೈಲಾನ ಕಿವಿ ತಪ್ಪಂಗಿಲ್ಲ.”

ತಪ್ಪುತ್ತಲೂ ಇರಲಿಲ್ಲ. ನನಗೆ ಕೊಂಬು ಬಂದಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಹಬ್ಬದ ಹಿಂದಿನ ವಾರ ನಯನಾಬೆನ್ ಒಬ್ಬೊಬ್ಬರನ್ನೇ ಗೋಡೆಗೆ ಕೂರಿಸಿ ಪರೀಕ್ಷಿಸಿದರು. ಅಲ್ಲಿಯವರೆಗೆ ಎಲ್ಲರೂ ಕೂಡಿ ಕೂಗಿ ಹೇಳುತ್ತಿದ್ದೆವು, ಯಾರ ಬಂಡವಾಳ ಏನೆಂದು ಗೊತ್ತಾಗುತ್ತಿರಲಿಲ್ಲ. ಹೇತಲ್ ಹತ್ತಕ್ಕೆ ಒಂಬತ್ತು ಸರಿ ಹೇಳಿದಳು. ನಾನು ಒಂದು. ಅದೂ ಬಾಯಿಗೆ ಬಂದದ್ದು ಹೇಳಿ ತಾಗಿದ್ದು. ಹುಡುಗಿಯರು ಕಿಸಕ್ಕೆಂದರು. ಇಂಗು ತಿಂದ ಮಂಗನಂತಾದ ನಾನು ತಿರುಗಿ ಕೂತು, ಅವರ ಹಾರ್ಮೋನಿಯಮ್ಮೇ ಕೆಟ್ಟಿದೆಯೆಂದು ಹಿಂದೆಮುಂದೆ ನೋಡದೆ ಗುಜರಾತಿಯಲ್ಲಿ ಹೇಳಿಬಿಟ್ಟೆ:

“ಬೆನ್, ತಮಾರು ಹಾರ್ಮೋನಿಯಂ ಖರಾಬ್ ಛೆ!”

ಬೇರೆ ಯಾರಾದರೂ ಆಗಿದ್ದರೆ ಕಿವಿ ಹಿಂಡುತ್ತಿದ್ದರು. ನಯನಾಬೆನ್ ಕನ್ನಡಕ ಒರೆಸಿಕೊಂಡು, “ಆಯಿತು. ಹಾಗಾದರೆ ನಿನ್ನದನ್ನೇ ತಾ” ಎಂದರು.

ಮರುದಿನ ಅಪ್ಪ ಪೇಟಿಯನ್ನು ಸ್ಕೂಟರಿಗೆ ಕಟ್ಟಿ ತಂದ. ಬಾಗಿಲ ಬಳಿ ಕೈ ಕಟ್ಟಿ ನಿಂತ. ಬೆನ್ ಹತ್ತು ಸಲ ಒತ್ತಿದರು, ನಾನು ಹತ್ತನ್ನೂ ಹೇಳಿದೆ. ಅಪ್ಪನ ಮುಖ ಅರಳಿತು. ಆಗ ಬೆನ್, “ಇನ್ನು ಸಾ ಇಲ್ಲಿ” ಎಂದು ಬೇರೊಂದು ಕೀಯನ್ನು ಷಡ್ಜ ಮಾಡಿಕೊಂಡು, ಅದನ್ನು ಕೇಳಿಸಿ, ಮತ್ತೆ ಒತ್ತತೊಡಗಿದರು. ಸಾ ಎಲ್ಲಿ ಕೂತರೂ ಉಳಿದವನ್ನು ಅಲ್ಲಿಂದಲೇ ಅಳೆಯಬೇಕು, ಕಿವಿ ಕಲಿಯಬೇಕಾದದ್ದು ಆ ದೂರವನ್ನೇ. ನಾನು ಮಾತ್ರ ಹಳೆಯ ಹೆಸರುಗಳನ್ನೇ ಧೈರ್ಯವಾಗಿ ಹೇಳುತ್ತ ಹೋದೆ. ಹತ್ತೂ ತಪ್ಪು.

ಬೆನ್ ಪೇಟಿಯ ಮೇಲೆ ಬಗ್ಗಿ ಒಂದೊಂದೇ ಕೀಯನ್ನು ಹತ್ತಿರದಿಂದ ಕೇಳಿದರು. ರಿಷಭ ಗಿರಗಿರ ಅನ್ನುತ್ತಿತ್ತು. ಪಂಚಮ ಉಸಿರು ಬಿಡುತ್ತಿತ್ತು. ಧೈವತದ ಕಟ್ಟಿಗೆ ಟಕ್ ಎನ್ನುತ್ತಿತ್ತು. ಗಾಂಧಾರವಂತೂ ಶುರುವಾಗುವ ಮೊದಲು ಮುದುಕರಂತೆ ಸಣ್ಣಗೆ ಕೆಮ್ಮುತ್ತಿತ್ತು. ನಾನು ಗುರುತು ಹಿಡಿಯುತ್ತಿದ್ದದ್ದು ಸ್ವರಗಳನ್ನಲ್ಲ, ಈ ಸದ್ದುಗಳನ್ನು. ಮೋಸ ಮಾಡುತ್ತಿದ್ದೇನೆಂದು ನನಗೂ ಗೊತ್ತಿರಲಿಲ್ಲ.

ಬೆನ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಅಪ್ಪನಿಗೆ ಹಿಂದಿಯಲ್ಲಿ ಮೆತ್ತಗೆ ಹೇಳಿದರು: ಹುಡುಗಿಯ ಕಿವಿ ಚುರುಕಾಗಿದೆ, ಆದರೆ ಪೇಟಿಯ ರೋಗಗಳನ್ನು ಕಲಿತಿದೆ. ಪೇಟಿ ರಿಪೇರಿ ಮಾಡಿಸಿ, ಇಲ್ಲವಾದರೆ ಈ ವರ್ಷ ಪರೀಕ್ಷೆ ಬೇಡ.

ಮನೆಗೆ ಬಂದು ನಾನು ಅತ್ತು ರಂಪ ಮಾಡಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಎಲ್ಲ ಕೇಳಿದಳು.

“ರಿಪೇರಿ ಬ್ಯಾಡ ಅಂದ್ರ ಬಿಡು,” ಅಪ್ಪ ಅವಳ ಮುಖ ನೋಡಿ ಅಂದ. “ಇನ್ನೊಂದು ವರ್ಷ ಕುಂತ್ರ ಏನ್ ಗಂಟು ಹೋಗತೈತಿ? ಅದು ನಿಮ್ಮಪ್ಪನ ಪೇಟಿ.”

ಅವ್ವ ಕೈಗಂಟಿದ ಹಿಟ್ಟು ಉಜ್ಜಿಕೊಂಡಳು. “ನಾ ಸಣ್ಣಾಕಿದ್ದಾಗಿಂದ ಅದು ಹಂಗ ಕೆಮ್ಮತೈತಿ” ಅಂದಳು. ಮತ್ತೆ, “ಅಕಿ ಕಿವಿ ಕೆಡಬಾರದು. ನಾಳೆ ಒಯ್ರಿ.”

ಮರುದಿನ ಮಧ್ಯಾಹ್ನವೇ ಅವಳು ಪೇಟಿ ತೆಗೆದು, ಸೆರಗಿನಿಂದ ಒರೆಸಿ, ನುಡಿಸಲು ಕೂತಳು. ನಾನು ಬಾಗಿಲಲ್ಲಿ ನಿಂತು ಅವಸರಪಡಿಸಿದೆ: “ಅವ್ವಾ, ಲಗೂ ಮುಗಸು, ಅಪ್ಪ ಕಾಯಾಕತ್ತಾನ!” ಅವಳು ನಿಲ್ಲಿಸಿದಳು. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿದ್ದರೆ ಎಂದು ಈಗ ಅನ್ನಿಸುತ್ತದೆ.

ನಗರದ ಹಳೇ ಪೇಟೆಯ ರಿಪೇರಿಯವನು ನಾಲ್ಕೇ ದಿನದಲ್ಲಿ ಎಲ್ಲ ಸರಿಮಾಡಿ ಕೊಟ್ಟ. ಮೊದಲ ಸಂಜೆ ನಾನು ಗೋಡೆಗೆ ಮುಖ ಮಾಡಿ ಕೂತರೆ, ಎಲ್ಲ ಸ್ವರಗಳೂ ಒಂದೇ ಶಾಲೆಯ ಸಮವಸ್ತ್ರ ತೊಟ್ಟು ಬಂದಂತಿದ್ದವು, ಯಾರು ಯಾರೆಂದು ತಿಳಿಯಲಿಲ್ಲ. ಅವ್ವ ಬೇಸರಿಸದೆ ಸಾ ಬದಲಿಸುತ್ತ ದಿನಾ ಒತ್ತಿದಳು. ಹಬ್ಬದ ದಿನವೂ ಒತ್ತಿದಳು. ಮೆಲ್ಲಮೆಲ್ಲಗೆ ದೂರ ಕೇಳಿಸತೊಡಗಿತು. ಪರೀಕ್ಷೆಯಲ್ಲಿ ಹತ್ತಕ್ಕೆ ಎಂಟು ಬಂತು. ಹೇತಲ್ ಮತ್ತು ನಾನು ಕೂಡಿಯೇ ಮುಂದಿನ ತರಗತಿಗೆ ಹೋದೆವು.

ಈಗ ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ನನ್ನ ಫ್ಲ್ಯಾಟಿನಲ್ಲೇ ಮಕ್ಕಳಿಗೆ ಇದನ್ನು ಕಲಿಸುತ್ತೇನೆ. ಅಪ್ಪ ಅವ್ವ ನಮ್ಮ ಜೊತೆಗೇ ಇದ್ದಾರೆ. ಮೊನ್ನೆ ಒಬ್ಬ ಹುಡುಗಿಗೆ ಫೋನು ನುಡಿಸುವ ಸ್ವರ ಹಿಡಿಸಲಿಲ್ಲವೆಂದು ಪೇಟಿ ತೆಗೆಸಿ, “ಅವ್ವಾ, ನೀನ ಒತ್ತು” ಅಂದೆ.

“ನನಗ ಕೈ ರೂಢಿ ತಪ್ಪೇತವಾ.”

“ಯಾವಾಗಿಂದ?”

“ಅದು ರಿಪೇರಿಯಾಗಿ ಬಂತಲ್ಲ, ಆವಾಗಿಂದ. ನಿನ್ನ ಪರೀಕ್ಷೆ ಮುಗಿಯೂತನಕ ಒತ್ತಿದ್ದೆ, ಅಷ್ಟ. ಆಮ್ಯಾಲೆ ಯಾರದೋ ಮನಿ ಪೇಟಿ ಅನಸ್ತಿತ್ತು. ಮುಟ್ಟಲಿಲ್ಲ.”

ಅವಳು ದೂರಿನ ದನಿಯಲ್ಲಿ ಹೇಳಲಿಲ್ಲ, ಹೇಳಿ ಚಹಾ ಇಡಲು ಎದ್ದಳು. ನಾನು ಲೆಕ್ಕ ಹಾಕಿದೆ. ಆ ಪರೀಕ್ಷೆಯಾದ ಮೇಲೆ ಕಾಲೇಜಿಗೆ ಹೋಗುವ ತನಕ ಏಳು ವರ್ಷ ಅದೇ ಮನೆಯಲ್ಲಿದ್ದೆ. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಅರ್ಧ ಗಂಟೆ ಮನೆ ಸುಮ್ಮನಿರುತ್ತಿತ್ತು. ಕಿವಿಯ ಪರೀಕ್ಷೆಯಲ್ಲಿ ಪಾಸಾದ ನನಗೆ ಅದು ಒಂದು ಸಂಜೆಯೂ ಕೇಳಿಸಲಿಲ್ಲ.