ತೊಟ್ಟು ಡಾಕ್ಟರ ವ್ಯಾನು

ನಮ್ಮ ಭಾವನಿಗೆ ಗ್ಯಾರೇಜಿನವರು ಇಟ್ಟ ಹೆಸರು ತೊಟ್ಟು ಡಾಕ್ಟರು. ಎಂಜಿನ್ನನ್ನು ತಣ್ಣಗಿಡುವ ಕೂಲೆಂಟು ಯಾವ ಗಾಡಿಯಲ್ಲಿ ಎಲ್ಲಿ ತೊಟ್ಟಿಕ್ಕುತ್ತಿದ್ದರೂ ಅವರ ಮೂಗಿಗೆ ಗೊತ್ತಾಗುತ್ತಿತ್ತು. ಅದಕ್ಕೊಂದು ಸಿಹಿ ವಾಸನೆ ಇದೆ. ಗಾಡಿಯೊಳಗೆ ತಲೆ ತೂರಿಸಿ, ಒಮ್ಮೆ ಉಸಿರೆಳೆದುಕೊಂಡು, "ಹೂಂ, ಇಲ್ಲೇ ಎಲ್ಲೋ ಅಳ್ತಾ ಇದೆ" ಅನ್ನುತ್ತಿದ್ದರು. ಮಿಕ್ಕ ವಿಷಯಗಳಲ್ಲಿ ಅವರಷ್ಟು ಪೆದ್ದರನ್ನು ನಾನು ಕಂಡಿಲ್ಲ. ಉಪ್ಪು ತರಲು ಕಳಿಸಿದರೆ ಸೋಪು ಹಿಡಿದುಕೊಂಡು ಬರುವ ಮನುಷ್ಯ. ಅಕ್ಕ ಅವರನ್ನು ಕಟ್ಟಿಕೊಂಡು ಹೇಗೆ ಸಂಸಾರ ತೂಗಿಸಿದಳೋ ಅಂತ ನನಗೆ ಇವತ್ತಿಗೂ ಆಶ್ಚರ್ಯ.

ಅವರ ಬಳಿ ಒಂದು ಹಳೇ ವ್ಯಾನಿತ್ತು. ಒಳಗೇ ಮಂಚ, ಒಲೆ, ಪುಟ್ಟ ಸಿಂಕು. ಮದುವೆಯಾದ ಹೊಸತರಲ್ಲಿ ಇಬ್ಬರೂ ಅದರಲ್ಲಿ ಹೊರಟು ಒಂದು ಹೊಳೆಯ ದಂಡೆಯಲ್ಲಿ ವಾರವಿಡೀ ಠಿಕಾಣಿ ಹೂಡಿದ್ದರು. ಅಕ್ಕ ಹಾಸಿಗೆ ಹಿಡಿದು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಅಂತ ಆಸ್ಪತ್ರೆಯವರು ಕಳಿಸಿದ ಮೇಲೆ ಅವಳು ಕೇಳಿದ್ದು ಒಂದೇ. "ರೀ, ಆ ಹೊಳೆ ಹತ್ರ ಒಂದ್ರಾತ್ರಿ ಮಲಗ್ಬೇಕು. ಅಷ್ಟಾದ್ರೆ ಸಾಕು, ನಿಶ್ಚಿಂತೆಯಾಗಿ ಹೊರಡ್ತೀನಿ." ಅವಳಿಗೆ ಕೂತು ಪ್ರಯಾಣ ಮಾಡಲಾಗುತ್ತಿರಲಿಲ್ಲ. ಮಲಗಿಕೊಂಡೇ ಹೋಗಬೇಕೆಂದರೆ ಆ ವ್ಯಾನೇ ಗತಿ. ಅದೋ, ಅಂಗಳದಲ್ಲಿ ನಿಂತಲ್ಲೇ ಸೋರುತ್ತಿತ್ತು.

ಭಾವ ಕೆಲಸಕ್ಕಿಳಿದರು. ನಾನು ದರ್ಜಿ. ಅಂಗಡಿಗೆ ಬೀಗ ಹಾಕಿ ಅವರ ಜೊತೆ ಕೈಜೋಡಿಸಿದೆ. ಆ ವ್ಯಾನಿನ ಎಂಜಿನ್ನು ಹಿಂದೆ, ಕೂಲೆಂಟನ್ನು ತಣಿಸುವ ರೇಡಿಯೇಟರು ಮುಂದೆ, ನಡುವೆ ಗಾಡಿಯ ನೆಲದಡಿಯಲ್ಲಿ ಎರಡು ಉದ್ದನೆಯ ಕೊಳವೆಗಳು. ಅವುಗಳಲ್ಲೊಂದು ತುಕ್ಕು ಹಿಡಿದು ಸೂಜಿಮೊನೆಯಷ್ಟು ತೂತಾಗಿತ್ತು. ಬದಲಾಯಿಸಿದೆವು. ಆಮೇಲೆ ನೋಡಿದರೆ ಅದೇ ಕೂಲೆಂಟು ಹಾಯುವ ಒಳಗಿನ ಹೀಟರೂ ಸೋರುತ್ತಿದೆ. ಕಾಲಡಿಯ ಚಾಪೆ ಒದ್ದೆ, ಗಾಜೆಲ್ಲ ಮಂಜು. ಅದನ್ನೂ ಹೊಸದು ಹಾಕಿದೆವು. ಪ್ರತಿ ಸಲವೂ ಭಾವನದು ಒಂದೇ ಶಾಸ್ತ್ರ. ಪೈಪು ಸೇರುವ ಜಾಗಗಳನ್ನೆಲ್ಲ ಒರೆಸಿ, ಮುಖಕ್ಕೆ ಹಚ್ಚುವ ಪೌಡರು ಉದುರಿಸಿ, ಕೈಪಂಪಿನಿಂದ ಒತ್ತಡ ಕೊಟ್ಟು ಬೆಳಗಿನವರೆಗೆ ಬಿಡುವುದು. "ಬಿಸಿ ಇದ್ದಾಗ ಲೋಹ ಹಿಗ್ಗಿ ಬಾಯಿ ಮುಚ್ಕೊಂಡಿರುತ್ತೆ. ತಣ್ಣಗಾದ್ಮೇಲೇ ನಿಜ ಹೊರಗೆ ಬರೋದು" ಅನ್ನುತ್ತಿದ್ದರು. ಪೌಡರು ಎಲ್ಲಿ ಒದ್ದೆಯಾಗಿದೆಯೋ ಅಲ್ಲಿ ರೋಗ.

ದಿನಾ ಬೆಳಿಗ್ಗೆ ಎಲ್ಲಾದರೊಂದು ಕಡೆ ಒದ್ದೆ ಇದ್ದೇ ಇರುತ್ತಿತ್ತು. ಅತ್ತ ಅಕ್ಕ ದಿನೇ ದಿನೇ ಇಳಿದುಹೋಗುತ್ತಿದ್ದಳು. ನನಗೆ ತಲೆ ಕೆಟ್ಟುಹೋಯಿತು.

"ಭಾವ, ಕ್ಯಾನಲ್ಲಿ ನೀರಿಟ್ಕೊಂಡು ದಾರೀಲಿ ತುಂಬಿಸ್ಕೊಂಡು ಹೋಗೋಣ" ಅಂದೆ.

"ಮಧ್ಯ ದಾರೀಲಿ ನಿಂತ್ರೆ? ಅವಳನ್ನ ರಸ್ತೇಲಿ ಮಲಗಿಸ್ಲಾ?"

ನಾನು ಮತ್ತೆ ಪೌಡರು ಡಬ್ಬಿ ಕೈಗೆತ್ತಿಕೊಂಡೆ.

ಒಂದು ಸಂಜೆ ವಾಟರ್ ಪಂಪಿನ ಪಕ್ಕದ ರಬ್ಬರ್ ಪೈಪಿಗೆ ಅದನ್ನು ಕಚ್ಚಿಹಿಡಿಯುವ ಹೊಸ ಕ್ಲಾಂಪು ಹಾಕಿ, ನಾನೇ ಕೈಯಾರೆ ಬಿಗಿ ಮಾಡಿದೆ. ಬೆಳಿಗ್ಗೆ ನೋಡಿದರೆ ಅಲ್ಲೇ ಒದ್ದೆ. ಮುಟ್ಟಿದರೆ ಕ್ಲಾಂಪು ಲೊಡಲೊಡ ಅಲ್ಲಾಡುತ್ತಿದೆ. ಅದು ತಾನಾಗಿ ಸಡಿಲವಾಗುವಂಥದ್ದಲ್ಲ. ಮೈಯೆಲ್ಲ ಉರಿದುಹೋಯಿತು. ಭಾವ ಏನೋ ಸಾಮಾನು ತರಲು ಹೋಗಿದ್ದರು. ಸೀದಾ ಅಕ್ಕನ ಕೋಣೆಗೆ ನುಗ್ಗಿ, "ನಿನ್ನ ಗಂಡನೇ ಗಾಡಿ ಕೆಡಿಸ್ತಿದಾರೆ" ಅಂದೆ.

"ಮೆಲ್ಲಗೆ ಮಾತಾಡೋ. ನಂಗೊತ್ತು."

"ಗೊತ್ತಾ?"

"ಇಷ್ಟು ವರ್ಷ ಅವರ ಸ್ಪ್ಯಾನರ್ ಸದ್ದು ಕೇಳ್ಕೊಂಡೇ ಅಡುಗೆ ಮಾಡಿದೀನಿ. ಬಿಗಿ ಮಾಡೋ ಸದ್ದು ಯಾವ್ದು, ಬಿಚ್ಚೋ ಸದ್ದು ಯಾವ್ದು ತಿಳಿಯಲ್ವಾ? ಹೊಳೆ ನೋಡಿ ಹೊರಡ್ತೀನಿ ಅಂದ್ನಲ್ಲ, ಆ ಮಾತನ್ನೇ ಹಿಡ್ಕೊಂಡಿದಾರೆ. ಗಾಡಿ ಹೊರಡ್ದಿದ್ರೆ ನಾನೂ ಹೊರಡಲ್ಲ ಅಂತ ಅವರ ಲೆಕ್ಕ. ಇರ್ಲಿ ಬಿಡು. ಅವರಿಗೆ ಇನ್ನೂ ನಾಲ್ಕು ದಿನ ಬೇಕಾಗಿದೆ."

"ಮತ್ತೆ ನಿನ್ನ ಹೊಳೆ?"

ಅವಳು ಗೋಡೆಯ ಕಡೆ ತಿರುಗಿಕೊಂಡಳು. "ಬಾಯಿ ಬಿಟ್ರೆ ನನ್ನಾಣೆ" ಅಂದಳು.

ಆ ವಾರವೇ ಹೋದಳು. ಮಧ್ಯಾಹ್ನದ ಹೊತ್ತು, ಭಾವ ವ್ಯಾನಿನಡಿ ಮಲಗಿದ್ದರು. ನಾನು ಕೂಗಿದ್ದಕ್ಕೆ ಓಡಿಬಂದವರು, ಗ್ರೀಸಿನ ಕೈಯಲ್ಲಿ ಅವಳನ್ನು ಮುಟ್ಟಲು ಹಿಂಜರಿದು, ತೊಳೆದುಕೊಂಡು ಬರುತ್ತೇನೆ ಅಂತ ಬಚ್ಚಲಿಗೆ ಹೋದರು. ಬರುವಷ್ಟರಲ್ಲಿ ಮುಗಿದುಹೋಗಿತ್ತು. ಎಂಥ ಮನುಷ್ಯನಪ್ಪಾ ಅಂತ ಬೈಯಲು ಬಾಯಿ ತೆರೆದವನು ನಾನೇ ಗೊಳೋ ಅಂತ ಅತ್ತುಬಿಟ್ಟೆ.

ಎಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಭಾವ ಆ ಕ್ಲಾಂಪನ್ನು ಬಿಗಿ ಮಾಡಿ, "ಬಾ" ಅಂದರು. ಇಬ್ಬರೂ ಹೊಳೆಯವರೆಗೆ ಹೋದೆವು. ವ್ಯಾನು ಎಲ್ಲೂ ಕೆಮ್ಮಲಿಲ್ಲ, ಬಿಸಿಯಾಗಲಿಲ್ಲ. ದಂಡೆಯಲ್ಲಿ ನಿಲ್ಲಿಸಿ, ಇಳಿಯದೆ ಸ್ಟೀರಿಂಗ್ ಹಿಡಿದುಕೊಂಡೇ ಕೂತರು.

"ನಾನೇ ಸಡಿಲ ಮಾಡ್ತಿದ್ದೆ ಕಣೋ. ಪಾಪ, ಗಾಡಿ ಸರಿಯಿಲ್ಲ ಅಂದ್ಕೊಂಡೇ ಹೋದ್ಳು."

ಆಣೆ ಪಕ್ಕಕ್ಕಿಟ್ಟೆ. ಅವರ ಸಂಕಟ ನೋಡಲಾಗಲಿಲ್ಲ. "ಇಲ್ಲ ಭಾವ. ಅವಳಿಗೆಲ್ಲ ಗೊತ್ತಿತ್ತು. ನಿಮಗಿನ್ನೂ ನಾಲ್ಕು ದಿನ ಬೇಕು ಅಂತ ಸುಮ್ನಿದ್ಳು" ಅಂದೆ. ಕೇಳಿ ಸ್ವಲ್ಪ ಹಗುರಾಗುತ್ತಾರೆ ಅಂದುಕೊಂಡಿದ್ದೆ.

ಅವರು ತಿರುಗಿ ಹಿಂದಿನ ಮಂಚ ನೋಡಿದರು. ಅದರ ಮೇಲೆ ಒಗೆದ ದುಪ್ಪಟಿ, ಎರಡು ದಿಂಬು.

"ಗೊತ್ತಿದ್ರೆ ಇನ್ನೊಂದ್ಸಲ ಕೇಳ್ಬಾರ್ದಿತ್ತೇನೋ ಅವಳು?" ಅಂದರು. "ಇನ್ನೊಂದೇ ಒಂದ್ಸಲ ಕೇಳಿದ್ರೆ ಕರ್ಕೊಂಡು ಬಂದ್ಬಿಡ್ತಿದ್ನಲ್ಲೋ."