ಬಾಗಿಲಿಲ್ಲದ ಕಟ್ಟಡ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದು ಶುದ್ಧ ಸುಳ್ಳಿನ ಕೆಲಸ. ಫ್ಲ್ಯಾಟು ಕಟ್ಟಿ ಮಾರುವ ಕಂಪನಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಫೋಟೋ ತಿದ್ದುವುದು. ಚರಂಡಿ ಅಳಿಸಿ ಹುಲ್ಲು ಬೆಳೆಸುತ್ತಿದ್ದರು, ಬಾಲ್ಕನಿಯಲ್ಲಿ ಒಣಗುವ ಬಟ್ಟೆ ತೆಗೆದು ಹೂಕುಂಡ ಇಡುತ್ತಿದ್ದರು, ಹೊಗೆ ಕವಿದ ಆಕಾಶಕ್ಕೆ ನೀಲಿ ಬಳಿಯುತ್ತಿದ್ದರು.

ಅವರು ಸ್ವತಃ ಇದ್ದದ್ದು ಎರಡು ಕೋಣೆಯ ಮನೆಯಲ್ಲಿ. ಅಡುಗೆಮನೆ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಹಾಡಹಗಲೇ ಟ್ಯೂಬ್‌ಲೈಟ್ ಉರಿಯಬೇಕು. ಆ ಗೋಡೆ ನೋಡಿಕೊಂಡೇ ಪಾತ್ರೆ ತೊಳೆಯುತ್ತಿದ್ದ ಅಕ್ಕ ಬರಬರುತ್ತ ಮಾತನ್ನೇ ಕಮ್ಮಿ ಮಾಡಿದ್ದಳು.

ರಜಾ ದಿನಗಳಲ್ಲಿ ಭಾವ ತಮ್ಮದೇ ಕಟ್ಟಡದ ಫೋಟೋ ತೆಗೆದು ಬೇರೆ ಥರ ತಿದ್ದಿದರು. ಬಾಗಿಲುಗಳನ್ನೆಲ್ಲ ಅಳಿಸಿ, ಮಹಡಿಯ ಮೇಲೆ ಮಹಡಿ ಪೇರಿಸಿದರು. ಆಕಾಶಕ್ಕೆ ಜಾಗವೇ ಉಳಿಯಲಿಲ್ಲ. ಬರೀ ಕಿಟಕಿ, ಒಂದೊಂದರಲ್ಲೂ ಒಬ್ಬೊಬ್ಬರೇ ನಿಂತಿದ್ದಾರೆ, ಪಕ್ಕದವರ ಕಡೆ ಯಾರೂ ತಿರುಗಿ ನೋಡುತ್ತಿಲ್ಲ.

"ನಾವು ಬದುಕ್ತಿರೋದು ಹೀಗೇ ನೋಡಪ್ಪಾ," ಎಂದರು ನನಗೆ. "ಒಬ್ಬರಾದ್ರೂ ಇದನ್ನ ನೋಡಿ ಹೆದರಬೇಕು. ಅಷ್ಟಾದ್ರೆ ಸಾಕು ನಂಗೆ."

ಅಕ್ಕ ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು. "ಎಷ್ಟು ನೀಟಾಗಿದೆ! ಎಲ್ಲೂ ಬಣ್ಣ ಕಿತ್ತಿಲ್ಲ."

ಪರಿಚಯದವರೊಬ್ಬರು ತಮ್ಮ ಚಿತ್ರಪ್ರದರ್ಶನದಲ್ಲಿ ಅದನ್ನು ತೂಗುಹಾಕಿದರು. ಭಾವ ಮೂಲೆಯಲ್ಲಿ ನಿಂತು ಬಂದವರ ಮುಖ ನೋಡಿದ್ದೇ ನೋಡಿದ್ದು. ಹೆದರುವುದಿರಲಿ, ಜನ ಅದರ ಮುಂದೆ ಹಲ್ಲುಕಿರಿದು ಸೆಲ್ಫಿ ತೆಗೆದುಕೊಂಡರು. ಕೊನೆಗೆ ಬಂದವನು ಕಂಪನಿಯ ಯಜಮಾನ.

"ಏನ್ರೀ, ತಲೆಯಲ್ಲಿ ಇಂಥಾದ್ದು ಇಟ್ಕೊಂಡು ನಮ್ಮಲ್ಲಿ ಹುಲ್ಲು ಬೆಳೆಸ್ತಾ ಕೂತಿದ್ದೀರಾ? ಒಂದಿಂಚು ಜಾಗ ವೇಸ್ಟ್ ಆಗಿಲ್ಲ! ಇದನ್ನೇ ಕಟ್ಟೋಣ," ಎಂದು ಬೆನ್ನು ತಟ್ಟಿದ.

ಭಾವ ಬೇಡ ಅನ್ನಬಹುದಿತ್ತು. ಆದರೆ ಸಂಬಳಕ್ಕೆ ದುಡಿಯುವವನಿಗೆ ಯಜಮಾನನ ಮುಂದೆ ಆ ಮಾತು ಬಾಯಿಗೆ ಬರುವುದಿಲ್ಲ, ನನಗೂ ಗೊತ್ತು.

ಚಿತ್ರ ದೊಡ್ಡ ರಸ್ತೆಯ ಹೋರ್ಡಿಂಗ್ ಏರಿತು. ಬುಕಿಂಗ್ ಆಫೀಸಿನ ಮುಂದೆ ಹನುಮಂತನ ಬಾಲದಂಥ ಸಾಲು. ಭಾವ ನನ್ನನ್ನೂ ಎಳೆದುಕೊಂಡು ಹೋಗಿ, ಮೈಮೇಲೆ ಬಂದವರಂತೆ ಕೂಗಿದರು: "ಕಣ್ಣು ಬಿಟ್ಟು ನೋಡ್ರಪ್ಪಾ! ಅದಕ್ಕೆ ಬಾಗಿಲೇ ಇಲ್ಲ!"

ಸಾಲಿನಲ್ಲಿದ್ದ ಮುದುಕಿಯೊಬ್ಬಳು ಸಮಾಧಾನ ಹೇಳಿದಳು: "ಬಾಗಿಲು ಆಮೇಲೆ ಇಡ್ತಾರೆ ಬಿಡಪ್ಪಾ. ಮೊದಲು ಜಾಗ ಸಿಗಲಿ."

ಜನ ನಕ್ಕರು. ನನಗೂ ನಗು ಬಂತು, ನಕ್ಕದ್ದಕ್ಕೆ ನಾಚಿಕೆಯೂ ಆಯಿತು. ಅಷ್ಟರಲ್ಲಿ ಮುದುಕಿಯ ಹಿಂದೆ ಅಕ್ಕ ಕಂಡಳು. ಭಾವ ಕೂಗುವುದು ಬಿಟ್ಟು ಅವಳ ಕಡೆ ತಿರುಗಿದರು.

"ನೀನ್ಯಾಕೆ ಬಂದೆ?"

"ಆ ಗೋಡೆ ನೋಡಿ ನೋಡಿ ಸಾಕಾಗಿದೆ ರೀ. ಇಲ್ಲಿ ಪ್ರತಿ ಮನೆಗೂ ರೋಡ್ ಕಡೆ ಕಿಟಕಿ ಇದೆ. ನೀವೇ ಮಾಡಿದ್ದಲ್ವಾ?"

ಎಷ್ಟೋ ವರ್ಷದ ಮೇಲೆ ಅಕ್ಕನ ಮುಖದಲ್ಲಿ ಆಸೆ ಕಂಡಿತ್ತು. ಭಾವ ಚಪ್ಪಲಿ ಎಳೆದುಕೊಂಡು ಹೋಗಿ ಅವಳ ಹಿಂದೆ ನಿಂತರು.

"ಯಾವ ಮಹಡಿ ಕೇಳೋಣ?" ಎಂದಳು ಅಕ್ಕ.

"ಯಾವುದಾದ್ರೂ ಕೇಳು," ಎಂದರು ಭಾವ. "ಎಲ್ಲಾ ಒಂದೇ."